ಬಿಸುವಿನ ಒಂದು ಸಾಲು

ನಮ್ಮ ಗದ್ದೆಯ ಮಣ್ಣನ್ನು ಐದು ವರ್ಷ ಮಗುಚುವುದಿಲ್ಲ ಎಂದು ನಾನು ಒಬ್ಬಳಿಗೆ ಮಾತು ಕೊಟ್ಟಿದ್ದೆ. ನಾಲ್ಕನೆಯ ಬಿಸುವಿನ ದಿನ ಆ ಮಾತು ಮುರಿದೆ. ಒತ್ತಾಯ ಮಾಡಿದವರಿಲ್ಲ, ಅಗತ್ಯವೂ ಇರಲಿಲ್ಲ. ಆಗ ನನಗೆ ಎಪ್ಪತ್ತಾರು. ಆ ವಯಸ್ಸಿನಲ್ಲಿ ತಿಳಿಯದೆ ಮಾಡಿದೆ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಬೆಳ್ಳೂರಿನಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮದೊಂದು ಮಜಲು ಗದ್ದೆ. ಮೇಲಿನ ಗದ್ದೆಗಳಷ್ಟು ಒಣಕಲಲ್ಲ, ಕೆಳಗಿನ ಬೈಲಿನ ಹಾಗೆ ನೀರು ನಿಲ್ಲುವಂಥದೂ ಅಲ್ಲ, ಎರಡರ ಮಧ್ಯದ್ದು. ಅಪ್ಪ ಅದನ್ನು ಎರಡು ಕೋಣ ಕಟ್ಟಿ ತಾವೇ ಹೂಡುತ್ತಿದ್ದರು. ಹೂಟೆ ಹೆಚ್ಚಾದಷ್ಟು ಬೇಸಾಯ ಚೆಂದ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಒಂದು ಹೆಂಟೆ ಉಳಿದದ್ದು ಕಂಡರೂ ನಿಂತು ಹಿಮ್ಮಡಿಯಿಂದ ಒಡೆದು ಮುಂದೆ ಹೋಗುವರು. ಏಪ್ರಿಲ್ ನಡುವೆ ಬರುವ ನಮ್ಮ ಹೊಸ ವರ್ಷ ಬಿಸು. ಆ ದಿನ ಬೆಳಿಗ್ಗೆ ದೇವರ ಮುಂದೆ ಇಟ್ಟ ಹಣ್ಣು ತರಕಾರಿಯ ಕಣಿ ನೋಡಿ ಆದ ಮೇಲೆ ಕೋಣಗಳನ್ನು ಮೀಯಿಸಿ ಗದ್ದೆಗೆ ಇಳಿಸಿ ಒಂದೇ ಒಂದು ಸಾಲು ಎಳೆಯುವುದು ನಮ್ಮಲ್ಲಿಯ ಕ್ರಮ. ಆ ಸಾಲಿಗೆ ಅಮ್ಮ ಒಂದು ಹಿಡಿ ಭತ್ತ ಹಾಕುತ್ತಿದ್ದಳು. ಅದಕ್ಕೆ ಕೈಬಿತ್ತು ಎನ್ನುತ್ತಿದ್ದೆವು. ಅಲ್ಲಿಗೆ ವರ್ಷದ ಬೇಸಾಯ ಶುರುವಾದ ಹಾಗೆ.

ಬಿಸುವಿನ ಹಿಂದೆ ಮುಂದೆ ಒಂದು ಬೇಸಗೆಯ ಮಳೆ ಬಿದ್ದಿದ್ದರೆ ಆ ಸಾಲಿನಿಂದ ಏಳುವ ಪರಿಮಳ ಬೇರೆಯೇ. ಮೊದಲ ಮಳೆಯ ಪರಿಮಳದ ಬಗ್ಗೆ ಎಲ್ಲರೂ ಹೇಳುತ್ತಾರೆ; ನಾನು ಹೇಳುವುದು ಅದಲ್ಲ. ಅದು ಮೇಲಿನ ಧೂಳಿನದು. ಇದು ಒಳಗಿನದು, ತಣ್ಣಗಿನದು, ಸ್ವಲ್ಪ ಹಳಸಿದ್ದು, ಹಳೆಯ ಭತ್ತದ ಕಣಜದ ಮುಚ್ಚಳ ತೆಗೆದ ಹಾಗೆ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಊರಿನಲ್ಲಿ ಹೂಟೆ ಜೋರು. ಹೊರಡುವ ದಿನದ ಬೆಳಿಗ್ಗೆಯೂ ನಾನು ಅಪ್ಪನ ಹಿಂದೆ ಗದ್ದೆಯಲ್ಲಿ ಇರುತ್ತಿದ್ದೆ. ಬೋರ್ಡಿಂಗಿನಲ್ಲಿ ಸಿಸ್ಟರ್ ನಮ್ಮನ್ನು ಲೈನಿನಲ್ಲಿ ನಿಲ್ಲಿಸಿ ಉಗುರು ನೋಡುವರು. ನನ್ನ ಕೈಗೆ ಬಂದಾಗ ಒಂದು ನಿಟ್ಟುಸಿರು, ಒಂದು ‘ಓ ಚೈಲ್ಡ್’, ಆಮೇಲೆ ಒಂದು ಬ್ರಷ್. ಹತ್ತೂ ಬೆರಳು ಕೆಂಪಾಗುವ ತನಕ ತಿಕ್ಕಬೇಕು. ಒಂದು ವರ್ಷ ಎಡಗಾಲಿನ ಹೆಬ್ಬೆರಳಿನ ಉಗುರನ್ನು ಮಾತ್ರ ಶೂವಿನೊಳಗೆ ಉಳಿಸಿಕೊಂಡೆ. ಮಧ್ಯಾಹ್ನದ ರೆಸ್ಟ್ ಅವರ್‌ನಲ್ಲಿ ಹಾಸಿಗೆಯ ಮೇಲೆ ಕಾಲು ಮಡಚಿ ಮೂಗಿನ ಹತ್ತಿರ ತಂದು ಮೂಸುತ್ತಿದ್ದೆ. ಹತ್ತು ವರ್ಷದ ಮೈ, ಹೇಗೆ ಬೇಕಾದರೂ ಬಾಗುತ್ತಿತ್ತು. ಎರಡೇ ದಿನಕ್ಕೆ ಆ ಮಣ್ಣು ಸಾಕ್ಸಿನ ವಾಸನೆಗೆ ತಿರುಗಿತು. ನಾನು ಅತ್ತೆ. ಯಾಕೆಂದು ಯಾರಿಗೂ ಹೇಳಲಿಲ್ಲ; ಹೇಳಿದರೆ ಆ ಸಿಸ್ಟರಿಗೆ ಅರ್ಥವಾಗುತ್ತಿತ್ತೋ ಏನೋ, ಅವರೂ ಎಲ್ಲಿಂದಲೋ ಬಂದವರೇ.

ಅಪ್ಪ ಹೋದ ಮೇಲೆ ತಮ್ಮ ಸ್ವಲ್ಪ ಕಾಲ ಟಿಲ್ಲರ್ ಹೊಡೆಸಿ ಬೇಸಾಯ ಮಾಡಿದ. ಅವನೂ ಬಿಟ್ಟ ಮೇಲೆ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿತ್ತು. ನಾನು ರಿಟೈರ್ ಆಗಿ ತಂಗಿಯ ಜತೆ ಇಲ್ಲಿಗೆ ಬಂದು ಕೂತಾಗ ಅಲ್ಲಿ ಇದ್ದದ್ದು ಮುಟ್ಟಿದರೆ ಮುನಿ ಮತ್ತು ನವಿಲುಗಳು. ಹಾಗಿರುವಾಗ ಒಂದು ದಿನ ಗದ್ದೆಯ ಬದಿಯಲ್ಲಿ ನೀರು ಹರಿಯುವ ತೋಡಿನ ಆಚೆಯ ಮನೆಯವಳು ಬಂದು ಗದ್ದೆ ಕೇಳಿದಳು.

ಅವಳು ನನ್ನ ಹಳೆಯ ಸ್ಟೂಡೆಂಟ್. ನಾನು ಪೈವಳಿಕೆಯ ಕಡೆ ಶಾಲೆಯಲ್ಲಿದ್ದಾಗ ಏಳನೆಯ ಕ್ಲಾಸಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತವಳು. ಕಲಿತಳು ಎನ್ನುವುದು ಸೌಜನ್ಯದ ಮಾತು. ಮದುವೆಯಾಗಿ ಈ ಕಡೆ ಬಂದು ಈಗ ಅವಳಿಗೂ ಐವತ್ತರ ಹತ್ತಿರ. ಕುಂಬಳೆಯಲ್ಲಿ ಬೇಸಾಯದವರಿಗೆಂದು ಮಾಡಿದ ಎರಡು ದಿನದ ಕ್ಲಾಸಿಗೆ ಹೋಗಿ ಬಂದಿದ್ದಳು. ತಲೆ ತುಂಬ ಅದೇ.

“ಟೀಚರ್, ಗದ್ದೆ ನನಗೆ ಕೊಡಿ. ಆದ್ರೆ ಹೂಡ್ಲಿಕ್ಕೆ ಇಲ್ಲ. ನಾನೂ ಹೂಡುದಿಲ್ಲ, ನೀವೂ ಯಾರ ಕೈಯಲ್ಲೂ ಹೂಡಿಸ್ಬಾರ್ದು. ಐದು ವರ್ಷ.”

ಐದು ವರ್ಷ ಎಂತಕ್ಕೆ ಎಂದು ಕೇಳಿದೆ.

“ಮಣ್ಣಿಗೆ ಅಷ್ಟು ಟೈಮ್ ಬೇಕು. ನನಗೂ ಇಂಗ್ಲಿಷಿಗೆ ಅಷ್ಟು ಟೈಮ್ ಬೇಕಿತ್ತು, ನೀವು ಕೊಡ್ಲಿಲ್ಲ. ಫೇಲ್ ಮಾಡಿದ್ರಿ.”

ನಾನು ನಕ್ಕು, ಅವಳ ಕೈ ಹಿಡಿದು, ಐ ಪ್ರಾಮಿಸ್ ಎಂದೆ. ಕೊಡುವಾಗ ಅದೊಂದು ಭಾರದ ಮಾತು ಎನ್ನಿಸಲಿಲ್ಲ.

ಅವಳು ಮಾಡಿದ್ದು ಇಷ್ಟು. ಪೊದೆ ಸವರಿ ಅಲ್ಲಿಯೇ ಹರಡಿದಳು. ಅದರ ಮೇಲೆ ಬೈಹುಲ್ಲು, ತರಗೆಲೆ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಒಂದು ಕೋಲಿನಿಂದ ತೂತು ಮಾಡಿ ಮೂರು ನಾಲ್ಕು ಕಾಳು ಭತ್ತ ಹಾಕಿ ಕಾಲಿನಿಂದ ಮುಚ್ಚುತ್ತ ಹೋದಳು. ಕೊಯ್ಲಾದ ಮೇಲೆ ಭತ್ತದ ಕೂಳೆಯ ನಡುವೆಯೇ ಅಲಸಂಡೆ. ಅದು ಮುಗಿದರೆ ಅದರ ಬಳ್ಳಿಯೂ ಅಲ್ಲಿಯೇ ಹಾಸಿಗೆ. ನೆಲ ಬರಿದಾಗಿ ಕಾಣಬಾರದು ಎಂಬುದೇ ಅವಳ ಡಿಸಿಪ್ಲಿನ್. ಊರಿನವರು ಅದಕ್ಕೆ ಉದಾಸೀನದ ಗದ್ದೆ ಎಂದು ಹೆಸರಿಟ್ಟರು. ಹೂಡಲು ಉದಾಸೀನವಾದ ಸೋಮಾರಿಗಳ ಬೇಸಾಯ ಎಂದು. ದಾರಿಯಲ್ಲಿ ಹೋಗುವವರು ಎಂತ, ನಿದ್ದೆ ಆಯ್ತಾ ಎಂದು ಕೇಳಿದರೆ ಅವಳು ಕಳೆ ಕೀಳುತ್ತಿದ್ದ ಜಾಗದಿಂದ ತಲೆ ಎತ್ತದೆ, ಆಯ್ತು, ಚಾ ತನ್ನಿ ಎನ್ನುತ್ತಿದ್ದಳು.

ಮೊದಲ ವರ್ಷ ನಗುವವರಿಗೆ ಕಾರಣವಿತ್ತು. ಕಳೆ ವಿಪರೀತ, ಪೈರು ತೆಳು, ಭತ್ತ ಕಡಿಮೆ. ನನ್ನ ಕೊಡೆಯ ತುದಿಯನ್ನು ನೆಲಕ್ಕೆ ಊರಿದರೆ ಟಕ್ ಎಂದು ಜಾರುತ್ತಿತ್ತು. ಎರಡನೆಯ ವರ್ಷ ನೆರೆಯ ಗದ್ದೆಗಳಷ್ಟೇ ಆಯಿತು, ಹೆಚ್ಚಲ್ಲ. ಮೂರನೆಯ ವರ್ಷ ಜೂನಿನಲ್ಲಿ ಮಳೆ ಕೈಕೊಟ್ಟು ಸುತ್ತಲಿನ ಪೈರು ಹಳದಿಗೆ ತಿರುಗಿದಾಗ ಇಲ್ಲಿ ಹುಲ್ಲಿನ ಕೆಳಗೆ ಬೆರಳು ಹಾಕಿದರೆ ಒದ್ದೆ. ಆ ವರ್ಷದ ತೆನೆ ಬಾಗಿದ್ದನ್ನು ನೋಡಲು ನಗುತ್ತಿದ್ದವರೂ ಬದುವಿನ ಮೇಲೆ ನಿಂತರು. ನಾಲ್ಕನೆಯ ವರ್ಷ ಇನ್ನೂ ಒಳ್ಳೆಯದಾಯಿತು. ಕೊಡೆಯ ತುದಿ ಒಂದು ಗೇಣು ಒಳಗೆ ಹೋಗುತ್ತಿತ್ತು. ಜೋರು ಮಳೆಗೆ ಬೇರೆ ಗದ್ದೆಗಳಿಂದ ತೋಡಿಗೆ ಬೀಳುವ ನೀರು ಚಾದ ಬಣ್ಣದ್ದಾದರೆ, ನಮ್ಮ ಗದ್ದೆಯಿಂದ ಬೀಳುವುದು ತಿಳಿ. ಎಲ್ಲ ಕಡೆ ಹೀಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ಕೆಳಗಿನ ಬೈಲಿನ ಅಂಟುಮಣ್ಣಿನಲ್ಲಿ ಅವಳೇ ಒಂದು ತುಂಡು ಮಾಡಿ ನೋಡಿ, ಇಲ್ಲಿ ಇದು ನಡೆಯುದಿಲ್ಲ ಎಂದು ಬಿಟ್ಟಳು. ನಮ್ಮ ಮಜಲಿನಲ್ಲಿ ನಡೆಯಿತು.

ನಾನು ಅದನ್ನು ಹೆಮ್ಮೆಯಿಂದ ನೋಡುತ್ತಿದ್ದೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. ಆದರೆ ಬಿಸು ಬಂದಾಗ ಮಾತ್ರ ಆ ಗದ್ದೆ ನನಗೆ ನನ್ನದೆನ್ನಿಸುತ್ತಿರಲಿಲ್ಲ. ಕಂಬಳಿ ಹೊದ್ದು ಮಲಗಿದವರ ಹಾಗೆ ಹುಲ್ಲಿನ ಕೆಳಗೆ ಇರುತ್ತಿತ್ತು. ಮುಖ ನೋಡದೆ ಎಷ್ಟು ಕಾಲವಾಯಿತು ಎನ್ನಿಸುತ್ತಿತ್ತು. ಮೂರು ಬಿಸು ಹೇಗೋ ಕಳೆದೆ. ಅಪ್ಪನ ಕಾಲು ಇಳಿದ ಮಣ್ಣು, ಅದರ ಬಣ್ಣವಾದರೂ ಒಮ್ಮೆ ಕಾಣಬೇಕು ಎಂಬ ಆಸೆ ವರ್ಷಕ್ಕೆ ವರ್ಷ ಕಡಿಮೆಯಾಗುವ ಬದಲು ಬೆಳೆಯಿತು. ತಂಗಿಗೆ ಹೇಳಿದರೆ, ನಿನ್ನದು ಬರೀ ಸೆಂಟಿಮೆಂಟ್ ಎಂದಳು. ಹೌದು, ಸೆಂಟಿಮೆಂಟೇ.

ಪ್ರತಿ ಬಿಸುವಿಗೆ ನನ್ನ ಸ್ಟೂಡೆಂಟ್ ಎರಡು ದಿನ ಪೈವಳಿಕೆಗೆ, ತವರಿಗೆ, ಹೋಗುತ್ತಾಳೆ. ವರ್ಷದಲ್ಲಿ ಅವಳಿಗೆ ಇರುವ ರಜೆ ಅದೊಂದೇ. ನಾಲ್ಕನೆಯ ಬಿಸುವಿಗೂ ಹೋದಳು. ಅದರ ಹಿಂದಿನ ದಿನ ಸಂಜೆ ಒಂದು ಮಳೆ ಬಿದ್ದಿತ್ತು. ನಾನು ಟಿಲ್ಲರಿನವನಿಗೆ ಫೋನ್ ಮಾಡಿದೆ. ಒಂದು ಸಾಲು, ಅಂಚಿನಲ್ಲಿ, ಶಾಸ್ತ್ರಕ್ಕೆ. ಒಂದು ಸಾಲಿನಿಂದ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವನು ಗುಡ್ಡದ ಆಚೆಯವನು, ಮಾತು ಹೆಚ್ಚಿಲ್ಲದ ಮನುಷ್ಯ. ಟಿಲ್ಲರ್ ಇಳಿಸಿ ಗದ್ದೆಯನ್ನು ಒಮ್ಮೆ ನೋಡಿದ.

“ಒಂದು ಸಾಲಿಗೆ ಈ ಮೆಷಿನ್ ತರುದಾ ಟೀಚರ್? ಬಂದದ್ದು ಬಂದೆ, ಪೂರಾ ಹೊಡೆದು ಕೊಡ್ತೇನೆ.”

ಬೇಡ, ಒಂದೇ ಎಂದೆ. ಅವನು ಹುಲ್ಲು ಸರಿಸಿ ಒಂದು ಸಾಲು ಎಳೆದ. ಮಣ್ಣು ಕಪ್ಪಾಗಿ ಮಗುಚಿತು. ಅಪ್ಪನ ಕಾಲದಲ್ಲಿ ಅದು ಕೆಂಪಗಿತ್ತು. ನಾಲ್ಕು ವರ್ಷದಲ್ಲಿ ಅವಳು ಅದನ್ನು ಕಪ್ಪು ಮಾಡಿದ್ದಳು. ಮತ್ತೆ ಪರಿಮಳ ಬಂತು. ಡೀಸೆಲಿನ ಹೊಗೆಯ ನಡುವೆಯೂ ಬಂತು. ಅದನ್ನು ಬರೆಯಲು ನನ್ನ ಕನ್ನಡವೂ ಸಾಲದು, ಕಾನ್ವೆಂಟಿನ ಇಂಗ್ಲಿಷೂ ಸಾಲದು. ನಾನು ಕಣ್ಣು ಮುಚ್ಚಿ ನಿಂತೆ. ತೆರೆದಾಗ ಅವನು ಗದ್ದೆಯ ಆ ತುದಿಯಲ್ಲಿ ಮೆಷಿನ್ ತಿರುಗಿಸಿ, ನಿಲ್ಲಿಸಿ, ನನ್ನ ಕಡೆ ನೋಡುತ್ತಿದ್ದ. ಸಾಕು ಎಂದು ಕೈ ಎತ್ತಿದರೆ ಮುಗಿಯುತ್ತಿತ್ತು. ನಾನು ಎತ್ತಲಿಲ್ಲ. ಅವನು ಸ್ವಲ್ಪ ಕಾದು ಎರಡನೆಯ ಸಾಲಿಗೆ ಇಳಿದ.

“ಒಂದು ಅಂತ ಹೇಳಿದ್ದು ನೀನೇ ಅಲ್ವಾ ಅಕ್ಕ?” ಎಂದು ತಂಗಿ ಜಗಲಿಯಿಂದ ಕೇಳಿದಳು. ನಾನು ಕೇಳಿಸದವಳ ಹಾಗೆ ನಿಂತೆ. ಬೆಳ್ಳಕ್ಕಿಗಳು ಬಂದವು, ಎಲ್ಲಿದ್ದವೋ ಅಷ್ಟೂ ಬಂದವು, ಅಪ್ಪನ ಹಿಂದೆ ಬರುತ್ತಿದ್ದ ಹಾಗೆ ಟಿಲ್ಲರಿನ ಹಿಂದೆ ಸಾಲಾಗಿ ನಡೆದವು. ಎಷ್ಟೋ ವರ್ಷದ ಮೇಲೆ ಬಂದವರನ್ನು ಎಣಿಸುವವಳ ಹಾಗೆ ಅವುಗಳನ್ನು ಎಣಿಸಿದೆ. ಅವು ಕುಕ್ಕಿ ಕುಕ್ಕಿ ತಿನ್ನುತ್ತಿದ್ದದ್ದು ಅವಳು ನಾಲ್ಕು ವರ್ಷದಿಂದ ಸಾಕಿದ ಎರೆಹುಳಗಳನ್ನು ಎಂದು ಹೊಳೆಯುವಾಗ ಗದ್ದೆ ಮುಗಿದಿತ್ತು.

ಮರುದಿನ ಸಂಜೆ ಅವಳು ಬಂದಳು. ಬಸ್ಸಿನಿಂದ ಇಳಿದು ಬರುವ ದಾರಿ ಗದ್ದೆಯ ಬದುವಿನ ಮೇಲೆಯೇ. ಕೈಯಲ್ಲಿ ಬ್ಯಾಗ್, ತವರಿನವರು ಕೊಟ್ಟ ಹೊಸ ಸೀರೆ. ನಾನು ಅಂಗಳದಿಂದ ನೋಡುತ್ತಿದ್ದೆ. ಬದುವಿನ ಮಧ್ಯದಲ್ಲಿ ನಿಂತಳು. ನಾನೇ ಇಳಿದು ಹೋದೆ.

“ಟಿಲ್ಲರಿನವನು ಗದ್ದೆ ತಪ್ಪಿ ಹೊಡೆದದ್ದಾ ಟೀಚರ್?”

ಹೌದು ಎನ್ನಬಹುದಿತ್ತು. ಅವಳೇ ದಾರಿ ಮಾಡಿ ಕೊಟ್ಟಿದ್ದಳು.

“ಅಲ್ಲ. ನಾನೇ ಕರೆಸಿದ್ದು. ಒಂದು ಸಾಲಿಗೆ ಅಂತ. ಅವನು ತಿರುಗಿ ನೋಡಿದ. ನಾನು ಸಾಕು ಅನ್ನಲಿಲ್ಲ.”

“ಎಂತಕ್ಕೆ?”

“ಪರಿಮಳಕ್ಕೆ,” ಎಂದೆ.

ಅವಳು ಹೊಸ ಸೀರೆಯಲ್ಲಿಯೇ ಕೂತು ಒಂದು ಹೆಂಟೆ ಎತ್ತಿ ಒಡೆದಳು. ಅದರೊಳಗೆ ಅರ್ಧ ಎರೆಹುಳ ಒಣಗಿತ್ತು. ಅದನ್ನು ಅಲ್ಲಿಯೇ ಇಟ್ಟಳು, ಎಸೆಯಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಮನೆಗೆ ಹೋಗ್ತೇನೆ, ಹಟ್ಟಿಯಲ್ಲಿ ದನಕ್ಕೆ ನೀರು ಕೊಟ್ಟಿದ್ದಾರಾ ಇಲ್ವಾ ಎಂದು ಹೇಳಿ ಎದ್ದು ಹೋದಳು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಗುಡುಗಿನ ಮಳೆ ಬಂತು. ನಮ್ಮ ಗದ್ದೆಯ ನೀರು ಎಷ್ಟೋ ಕಾಲದ ಮೇಲೆ ತೋಡಿಗೆ ಕೆಂಪಾಗಿ, ಅಲ್ಲ, ಕಪ್ಪಾಗಿ ಇಳಿಯಿತು. ನಾನು ಕೊಡೆ ಹಿಡಿದು ನಿಂತು ನೋಡಿದೆ. ಅವಳೂ ಆಚೆ ದಡದಲ್ಲಿ ನಿಂತಿದ್ದಳು. ಮಾತಾಡಲು ಮಳೆಯ ಸದ್ದು ಬಿಡಲಿಲ್ಲ ಎಂದು ಇಬ್ಬರೂ ಅಂದುಕೊಳ್ಳಬಹುದಿತ್ತು.

ಆದರೂ ಬಿತ್ತಿದಳು. ಇನ್ನು ಗದ್ದೆ ಬೇಡ ಎನ್ನುತ್ತಾಳೆ ಎಂದು ನಾನು ಹೆದರಿದ್ದೆ, ಹಾಗೆ ಹೇಳಲಿಲ್ಲ. ಮೊದಲ ತಿಂಗಳು ಪೈರು ಎಷ್ಟು ಹಸಿರಾಗಿ ಎದ್ದಿತೆಂದರೆ ಒಳಗೊಳಗೇ ನನಗೆ ಸಮಾಧಾನ. ನೋಡು, ಹಾಳೇನೂ ಆಗಲಿಲ್ಲ ಎಂದು ಬಾಯಿ ಬಿಟ್ಟು ಹೇಳಿಯೂ ಹೇಳಿದೆ.

“ಮನೆ ಮಾಡಿನ ಪಕ್ಕಾಸಿನ ಮರ ಎಳೆದು ಒಲೆಗೆ ಇಟ್ರೆ ಬೆಂಕಿ ಜೋರೇ ಬರ್ತದೆ ಟೀಚರ್,” ಎಂದಳು. “ಒಂದು ದಿನಕ್ಕೆ.”

ಅವಳು ಹೇಳಿದ ಹಾಗೆಯೇ ಆಯಿತು. ಆಳದಲ್ಲಿ ಹೂತುಹೋಗಿದ್ದ ಕಳೆಯ ಬೀಜಗಳೆಲ್ಲ ಮೇಲೆ ಬಂದು ಮೊಳೆತವು. ಆಗಸ್ಟಿನಲ್ಲಿ ಮಳೆ ಬಿಟ್ಟಾಗ ನೆಲ ಮೇಲೆ ಹೆಪ್ಪುಗಟ್ಟಿ ಬಿರಿಯಿತು. ನಾನು ದಿನಾ ಬೆಳಿಗ್ಗೆ ಒಂದು ಮಣೆ ತೆಗೆದುಕೊಂಡು ಹೋಗಿ, ಬದುವಿನ ಪಕ್ಕ ಕೂತು ಕೈಗೆಟಕುವಷ್ಟು ಕಳೆ ಕಿತ್ತೆ. ಬೇಡ ಎಂದು ಅವಳು ಹೇಳಲಿಲ್ಲ. ಥ್ಯಾಂಕ್ಸ್ ಎಂದೂ ಹೇಳಲಿಲ್ಲ. ಭತ್ತ ಎರಡನೆಯ ವರ್ಷದಷ್ಟೂ ಬರಲಿಲ್ಲ. ಕೊಯ್ಲಿನ ದಿನ ಕೂಳೆಯ ಮೇಲೆ ಹುಲ್ಲು ಹರಡುತ್ತ, ನನ್ನ ಕಡೆ ನೋಡದೆ ಹೇಳಿದಳು:

“ಇನ್ನು ಒಂದರಿಂದ ಎಣಿಸ್ಬೇಕು.”

ನಾನು ಮನಸ್ಸಿನಲ್ಲಿ ನನ್ನ ವಯಸ್ಸಿಗೆ ಐದು ಕೂಡಿಸಿದೆ. ಅವಳೂ ಕೂಡಿಸಿರಬೇಕು, ಗಣಿತದಲ್ಲಿ ಅವಳು ಫೇಲ್ ಆಗಿರಲಿಲ್ಲ.

ಮರುವರ್ಷದ ಬಿಸುವಿಗೆ ಅವಳು ತವರಿಗೆ ಹೋಗಲಿಲ್ಲ. ಅಣ್ಣನ ಮನೆಯಲ್ಲಿ ಜಾಗ ಕಡಿಮೆ, ಬಸ್ಸಿನಲ್ಲಿ ರಶ್ ಎಂದೆಲ್ಲ ಹೇಳಿದಳು. ಬಿಸುವಿನ ದಿನವಿಡೀ ಗದ್ದೆಯಲ್ಲಿ ಏನೋ ಕೆಲಸ ಹುಡುಕಿಕೊಂಡು ಇದ್ದಳು. ಮಧ್ಯಾಹ್ನ ನಾನು ಪಾಯಸ ಕೊಟ್ಟು ಬಂದೆ. ಬದುವಿನ ಮೇಲೆ ಕೂತು ಕುಡಿದಳು. ಅವಳ ವರ್ಷದ ಎರಡು ದಿನವನ್ನೂ ನಾನೇ ಹೂಡಿ ಹಾಕಿದ ಹಾಗಾಯಿತು. ತೋಡಿಗೆ ಹೋದ ಮಣ್ಣಿಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು. ಮಣ್ಣು ಕಾಲ ತೆಗೆದುಕೊಂಡಾದರೂ ತಿರುಗಿ ಆಗುತ್ತದೆ.

ಈ ವರ್ಷ ಬಿಸುವಿಗೆ ನಾಲ್ಕು ದಿನ ಇರುವಾಗ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಣ್ಣನಿಗೆ ಹುಷಾರಿಲ್ಲ, ಹೋಗದೆ ಆಗುವುದಿಲ್ಲ ಎಂದಳು. ಹೋಗಿ ಬಾ ಎಂದೆ. ಅವಳು ಹೊರಡಲಿಲ್ಲ. ಬಾಗಿಲ ಚೌಕಟ್ಟಿನ ಧೂಳನ್ನು ಬೆರಳಿನಿಂದ ಒರೆಸಿದಳು.

“ಮೂಡು ಬದಿಯಲ್ಲಿ ಸ್ವಲ್ಪ ಜಾಗ ಹಂದಿ ಕೆರೆದು ಹುಲ್ಲು ಹೋಗಿದೆ ಟೀಚರ್. ಒಂದು ಕಟ್ಟು ಬೈಹುಲ್ಲು ಅಲ್ಲಿ ಇಟ್ಟಿದ್ದೇನೆ. ನಿಮಗೆ ಆದ್ರೆ ಹರಡಿ.”

“ಆಗ್ತದೆ.”

“ಆಗ್ಬೇಕು ಅಂತ ಇಲ್ಲ.”

“ಆಗ್ತದೆ ಮಾರಾಯ್ತಿ, ಹೋಗು.”

ಬಿಸುವಿನ ಬೆಳಿಗ್ಗೆ ಕಣಿ ನೋಡಿ ಕಾಫಿ ಕುಡಿಯುವಾಗ ಫೋನ್ ಬಂತು. ಟಿಲ್ಲರಿನವನು. ಪಾಪ, ಅವನಿಗೆ ಹಿಂದಿನ ಕಥೆ ಒಂದೂ ಗೊತ್ತಿಲ್ಲ. ಈ ಕಡೆ ಕೆಲಸ ಉಂಟು ಟೀಚರ್, ಹೋಗುವ ದಾರಿಯಲ್ಲಿ ನಿಮ್ಮದೊಂದು ಸಾಲು ಎಳೆದು ಹೋಗ್ಲಾ, ನಿಮಗೆ ಅದು ಖುಷಿ ಅಲ್ವಾ ಎಂದ. ಹಿಂದಿನ ಸಂಜೆ ಮಳೆಯೂ ಬಂದಿತ್ತು. ಹಲೋ, ಹಲೋ ಎಂದು ಅವನು ಎರಡು ಸಲ ಕರೆದ. ಬೇಡ, ಇನ್ನು ಯಾವ ವರ್ಷವೂ ಬೇಡ ಎಂದೆ. ಅವನಿಗೆ ಬೇಸರವಾಯಿತೋ ಏನೋ.

ಹತ್ತು ಗಂಟೆಗೆ ಗದ್ದೆಗೆ ಇಳಿದೆ. ಹಂದಿ ಕೆರೆದ ಜಾಗ ಒಂದು ಚಾಪೆಯಷ್ಟು ಅಗಲ. ಒದ್ದೆ ಮಣ್ಣು ಬಿಸಿಲಿಗೆ ಬಿದ್ದಿತ್ತು. ನಾನು ಮಣೆ ಹಾಕಿ ಕೂತೆ. ಬಗ್ಗಿ ನೋಡಿದೆ. ಮಂಡಿ ಈಗ ಅಷ್ಟು ಬಾಗುವುದಿಲ್ಲ. ಮೂಗಿಗೂ ನೆಲಕ್ಕೂ ನಡುವೆ ಮೊಳದಷ್ಟು ಅಂತರ ಉಳಿಯಿತು. ತೋಡಿನ ಆಚೆ, ದೂರದ ಬೈಲಿನಲ್ಲಿ ಟಿಲ್ಲರಿನ ಸದ್ದು ಶುರುವಾಯಿತು. ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು, ನನಗೆ ಏನೂ ಬರಲಿಲ್ಲ. ಬೆಳ್ಳಕ್ಕಿಗಳು ತಲೆಯ ಮೇಲಿನಿಂದ ಅತ್ತ ಹಾರಿ ಹೋದವು. ಅಪ್ಪ ಕೋಣಗಳಿಗೆ ಕೂಗುತ್ತಿದ್ದ ಆ ಉದ್ದದ ಕೂಗನ್ನು ನೆನಪು ಮಾಡಲು ನೋಡಿದೆ; ಮೊದಲ ಅರ್ಧ ಬಂತು, ಉಳಿದದ್ದು ಬರಲಿಲ್ಲ. ಟಿಲ್ಲರಿನ ಸದ್ದು ನಿಲ್ಲುವ ತನಕ ಕೂತಿದ್ದು, ಆಮೇಲೆ ಕಟ್ಟು ಬಿಚ್ಚಿ ಹುಲ್ಲು ಹರಡಿದೆ. ದಪ್ಪಗೆ ಹರಡಿದೆ, ಒಂದು ಬೆರಳಿನಷ್ಟೂ ನೆಲ ಕಾಣದ ಹಾಗೆ.

ಮರುದಿನ ಸಂಜೆ ಅವಳು ಬಂದು ಅಣ್ಣನ ಸುದ್ದಿ ಹೇಳಿದಳು, ಈಗ ಅಡ್ಡಿಯಿಲ್ಲವಂತೆ. ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ಕೊಟ್ಟಳು. ಬಸ್ಸಿನಿಂದ ಇಳಿದು ಸೀದಾ ಇಲ್ಲಿಗೇ ಬಂದೆ ಟೀಚರ್, ಇನ್ನೂ ಮನೆಗೂ ಹೋಗ್ಲಿಲ್ಲ ಎಂದಳು. ಅವಳ ಸೀರೆಯ ಅಂಚಿನ ತುಂಬ, ಎರಡೂ ಕಾಲಿನ ಬೆರಳ ಸಂದಿಯಲ್ಲೂ, ಬದುವಿನ ಮೇಲೆ ಇಲ್ಲದ, ಗದ್ದೆಯೊಳಗಿನ ಬೈಹುಲ್ಲಿನ ಚೂರುಗಳು ಅಂಟಿದ್ದವು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಕೂತುಕೋ, ಚಾ ಇಡ್ತೇನೆ ಎಂದು ಒಳಗೆ ಹೋದೆ.